ಪ್ರೆಸ್ಸಣ್ಣ ಮತ್ತು ನಾನು ಬಿಗಿದು ಕಟ್ಟಿದ ಕೇಬಲ್

ಹೋದ ವಾರ ಮನೆಗೆ ಇಂಟರ್ನೆಟ್ ಹಾಕಲು ಬಂದವನು ಕೂದಲೆಳೆಯಷ್ಟು ಸಣ್ಣ ಗಾಜಿನ ತಂತಿಯ ತುದಿಯನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಬೇರೆಯವರಿಗೆ ಸ್ಪಿರಿಟ್ ಎಂದರೆ ಆಸ್ಪತ್ರೆ, ಸೂಜಿ. ನನಗೆ ಅದು ಹೊಸೂರಿನ ಒಂದು ಕಾರ್ಖಾನೆ, ಅಲ್ಲಿ ಪ್ರೆಸ್ ಯಂತ್ರ ನಡೆಸುತ್ತಿದ್ದ ಒಬ್ಬ ಮನುಷ್ಯ. ಅಡುಗೆಮನೆಗೆ ಹೋಗಿ ನಿಂತುಬಿಟ್ಟೆ. ‘ಆಂಟಿ, ಆಯ್ತು’ ಎಂದು ಅವನು ಎರಡು ಸಲ ಕೂಗಿದ ಮೇಲೇ ಹೊರಗೆ ಬಂದದ್ದು.

ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಪ್ರೆಸ್ಸಣ್ಣ ಎಂದೇ ಕರೆಯುತ್ತಿದ್ದರು. ಹೊಸೂರಿನ ಹತ್ತಿರದ, ಕಾಡಂಚಿನ ಸಾನಮಾವು ಎಂಬ ಹಳ್ಳಿಯವರು. ಬೆಳಗ್ಗೆ ಎದ್ದು ಹೊಲ ಸುತ್ತಿ, ಆಮೇಲೆ ಮೊಪೆಡ್ಡಿನಲ್ಲಿ ಶಿಫ್ಟಿಗೆ ಬರುತ್ತಿದ್ದರು. ನಾನು ಮಾಲೂರಿನ ಕಡೆಯವಳು. ಮದುವೆಯಾಗಿ ಹೊಸೂರಿಗೆ ಬಂದು ಕ್ವಾಲಿಟಿ ವಿಭಾಗಕ್ಕೆ ಸೇರಿದ್ದೆ. ಎರಡು ಸಾವಿರದ ಇಸವಿ ಕಳೆದು ಆರೇಳು ವರ್ಷವಾಗಿದ್ದಿರಬೇಕು. ತಮಿಳು ಒಂದಕ್ಷರ ಬಾರದೆ ಕ್ಯಾಂಟೀನಿನಲ್ಲಿ ಬೆಪ್ಪಾಗಿ ನಿಂತಿದ್ದ ನನ್ನನ್ನು, ‘ಬಾ ಅಮ್ಮಣ್ಣಿ, ಇಲ್ಲಿ ಕೂತ್ಕೊ. ಸಾರು ಖಾರ ಐತೆ, ಮೊಸ್ರು ಹಾಕ್ಕೊ’ ಎಂದು ಕರೆದು ಕೂರಿಸಿಕೊಂಡವರು ಅವರು.

ಆ ವರ್ಷ ಮೂರನೇ ನಂಬರಿನ ಪ್ರೆಸ್ಸಿನಲ್ಲಿ ಒಬ್ಬ ಆಪರೇಟರನ ಎರಡು ಬೆರಳು ಹೋದವು. ಪೆಡಲ್ ಒಂದು ಸಲ ತುಳಿದರೆ ಪ್ರೆಸ್ ಒಂದೇ ಸಲ ಬೀಳಬೇಕು. ಅವನು ತೂಕಡಿಸಿ ಎರಡು ಸಲ ತುಳಿದ ಎಂದು ಮ್ಯಾನೇಜರು ಬರೆದುಕೊಂಡರು. ಪಕ್ಕದಲ್ಲೇ ನಿಂತಿದ್ದ ಪ್ರೆಸ್ಸಣ್ಣ ಮಾತ್ರ ಒಪ್ಪಲಿಲ್ಲ. ಅವನು ತುಳಿಯಲಿಲ್ಲ, ಎರಡನೇ ಸಲ ಅದು ತಾನಾಗಿಯೇ ಬಿತ್ತು ಎಂದು ಪಟ್ಟು ಹಿಡಿದರು. ಸುಳ್ಳು ಸಾಕ್ಷಿ ಹೇಳುತ್ತಿದ್ದೀಯ, ಕೆಲಸದಿಂದ ತೆಗೆಯುತ್ತೇವೆ ಎಂದು ಅವರಿಗೇ ನೋಟಿಸ್ ಬಂತು.

‘ಆನೆ ಬಂದ್ರೆ ನಾಯಿ ಬೊಗಳ್ತದೆ, ಕೊಂಬೆ ಮುರಿಯೋ ಸದ್ದಾದ್ರೂ ಕೇಳ್ತದೆ’ ಎಂದಿದ್ದರು ಅವರು. ‘ಈ ಪ್ರೆಸ್ಸು ಸುಳಿವೇ ಕೊಡಲ್ಲ ಕಣಮ್ಮಣ್ಣಿ. ನಂಗೂ ಭಯಾನೇ.’

ಕೊನೆಗೆ, ಪ್ರೆಸ್ ತಾನಾಗಿ ಬೀಳುವುದನ್ನು ತೋರಿಸಲು ಮ್ಯಾನೇಜರು ಮೂರು ದಿನದ ಗಡುವು ಕೊಟ್ಟರು. ಬೆಂಗಳೂರಿನಿಂದ ಒಂದು ವೇಗದ ಕ್ಯಾಮೆರಾ ಬಂತು. ಕಣ್ಣಿಗೆ ಕಾಣದ್ದನ್ನೂ ಸೆಕೆಂಡಿಗೆ ನೂರಾರು ಚಿತ್ರವಾಗಿ ಹಿಡಿಯುವಂಥದ್ದು. ಪೆಡಲ್ ತುಳಿದಾಗ ಮಾತ್ರ ಉರಿಯುವ ಒಂದು ಪುಟ್ಟ ಬಲ್ಬನ್ನು ಪ್ರೆಸ್ಸಿನ ಬಾಯಿಯ ಪಕ್ಕದಲ್ಲೇ ಕಟ್ಟಿದರು. ಬಲ್ಬ್ ಆರಿರುವಾಗ ಪ್ರೆಸ್ ಬಿದ್ದ ಚಿತ್ರ ಸಿಕ್ಕರೆ ಪ್ರೆಸ್ಸಣ್ಣನ ಮಾತು ನಿಜ. ಸಿಗದಿದ್ದರೆ ಮನೆಗೆ.

ಆದರೆ ಕ್ಯಾಮೆರಾದ ಮಾಮೂಲಿ ಕೇಬಲ್ ಹತ್ತು ಮೀಟರಿಗಿಂತ ಉದ್ದವಾದರೆ ಚಿತ್ರ ಒಡೆದುಹೋಗುತ್ತಿತ್ತು. ಕಂಪ್ಯೂಟರನ್ನು ಹತ್ತಿರವೇ ಇಡೋಣವೆಂದರೆ ಒಂದೊಂದು ಹೊಡೆತಕ್ಕೂ ನೆಲವೇ ನಡುಗುವ ಜಾಗ ಅದು, ಜೊತೆಗೆ ವೆಲ್ಡಿಂಗಿನ ಕಾಟ. ಅದಕ್ಕೇ ಎರಡು ಕಡೆ ಎರಡು ಡಬ್ಬಿ ಇಟ್ಟು, ಚಿತ್ರವನ್ನು ಬೆಳಕು ಮಾಡಿ ಫೈಬರ್ ಕೇಬಲ್ಲಿನಲ್ಲಿ ಮೇಲಿನ ಗಾಜಿನ ಕೋಣೆಗೆ ಕಳಿಸುವ ಏರ್ಪಾಡು. ಬೆಂಗಳೂರಿನ ಎಂಜಿನಿಯರು ತುದಿಗಳನ್ನು ಸ್ಪಿರಿಟ್ಟಿನಿಂದ ಒರೆಸಿ ಸಿಕ್ಕಿಸಿದರು. ಕಂಬದ ಬಳಿ ಕೇಬಲ್ ತಿರುಗುವಲ್ಲಿ ಊಟದ ತಟ್ಟೆಯಷ್ಟು ಅಗಲದ ಸುತ್ತು ಬಿಟ್ಟು, ‘ಮೇಡಂ, ಇದನ್ನ ಮುಟ್ಬೇಡಿ, ಒಳಗಿರೋದು ಗಾಜು’ ಎಂದು ನನಗೆ ಹೇಳಿ ಹೋದರು. ಮೇಲೆ ಕೂತು ಚಿತ್ರ ನೋಡುವ ಕೆಲಸ ನನ್ನದು.

ಈಗ ನನ್ನ ಕರ್ಮ ಹೇಳುತ್ತೇನೆ ಕೇಳಿ. ನಮ್ಮ ಕಾರ್ಖಾನೆಯಲ್ಲಿ ಅಚ್ಚುಕಟ್ಟಿನ ತಪಾಸಣೆ ಎಂಬುದೊಂದಿತ್ತು. ಜೋತುಬಿದ್ದ ವೈರು ಕಂಡರೆ ಕೆಂಪು ಚೀಟಿ ಅಂಟಿಸಿ, ಆ ವಿಭಾಗದವರ ಮಾನ ಹರಾಜು ಹಾಕುತ್ತಿದ್ದರು. ಆ ವಾರವೇ ತಪಾಸಣೆ. ನನಗೋ ಮೊದಲೇ ಓರಣದ ಹುಚ್ಚು. ಮೊದಲ ದಿನ ಸಂಜೆ ಮನೆಗೆ ಹೊರಡುವಾಗ ಆ ಸುತ್ತು ಕಣ್ಣಿಗೆ ಚುಚ್ಚಿತು. ಕೇಬಲ್ಲನ್ನು ಕಂಬದ ಮೂಲೆಗೆ ಸರಿಯಾಗಿ ಮಡಿಸಿ, ಪ್ಲಾಸ್ಟಿಕ್ ಟೈ ಹಾಕಿ ಕಟಕಟನೆ ಬಿಗಿದೆ. ನೋಡಲು ಎಷ್ಟು ಚೆನ್ನಾಗಿತ್ತು… ನನ್ನ ಕೈಗೆ ಹಾವು ಕಚ್ಚ.

ಎರಡನೇ ದಿನ ಮಧ್ಯಾಹ್ನ. ಕೆಳಗೆ ಪ್ರೆಸ್ಸಣ್ಣ ಒಂದೊಂದೇ ತಗಡು ಇಟ್ಟು ಪೆಡಲ್ ತುಳಿಯುತ್ತಿದ್ದರು. ಪ್ರತಿ ಸಲ ಅವರ ಕೈ ಒಳಗೆ ಹೋದಾಗ ನಾನು ಉಸಿರು ಹಿಡಿಯುತ್ತಿದ್ದೆ. ಹೊರಗೆ ಬಂದಾಗ ಬಿಡುತ್ತಿದ್ದೆ. ಇದ್ದಕ್ಕಿದ್ದಂತೆ ಪರದೆ ಕಪ್ಪಾಯಿತು. ಏನಾಯಿತೆಂದು ಡಬ್ಬಿಯನ್ನು ತಡಕುತ್ತಿರುವಾಗಲೇ ಕೆಳಗಿನಿಂದ ಕೂಗು. ಪ್ರೆಸ್ ಎರಡು ಸಲ ಬಿದ್ದಿತ್ತು. ಅವರು ಹೇಗೋ ಕೈ ಎಳೆದುಕೊಂಡಿದ್ದರು. ತಗಡು ಮಾತ್ರ ಅಪ್ಪಚ್ಚಿಯಾಗಿತ್ತು. ಮ್ಯಾನೇಜರು ಬಂದು ಕಪ್ಪು ಪರದೆ ನೋಡಿ, ‘ಎವಿಡೆನ್ಸ್ ಎಂಗಪ್ಪಾ?’, ಸಾಕ್ಷಿ ಎಲ್ಲಪ್ಪಾ ಎಂದು ತಮಿಳಿನಲ್ಲಿ ಕೇಳಿ ನಕ್ಕರು.

ಕೇಬಲ್ ಹಿಡಿದು ಬಂದು ನೋಡಿದರೆ ನಾನು ಕಟ್ಟಿದ ಜಾಗವೇ. ಪ್ರೆಸ್ ಬಡಿದಾಗಲೆಲ್ಲ ಕಂಬ ಅದುರಿ ಅದುರಿ, ಆ ಮಡಿಕೆಯಲ್ಲಿ ಬೆಳಕು ಸೋರಿಹೋಗಿತ್ತು. ಟೈ ಕತ್ತರಿಸಿ ಸುತ್ತನ್ನು ಸಡಿಲ ಬಿಟ್ಟ ಕೂಡಲೇ ಚಿತ್ರ ಬಂತು. ಮ್ಯಾನೇಜರಿಗೆ ‘ಕೇಬಲ್ಲಿನಲ್ಲಿ ದೋಷವಿತ್ತು ಸಾರ್’ ಎಂದೆ. ಅಷ್ಟೇ ಎಂದೆ.

ಪ್ರೆಸ್ಸಣ್ಣನಿಗೆ ಮಾತ್ರ ನಿಜ ಹೇಳಿದೆ. ಕ್ಯಾಂಟೀನಿನ ಹಿಂದೆ ನಿಂತು ಅತ್ತೇಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

‘ಓಗ್ಲಿ ಬುಡು’ ಎಂದರು. ‘ಯಾರ್ಗೂ ಹೇಳ್ಬೇಡ, ನಿನ್ನೂ ಮನೆಗ್ ಕಳುಸ್ಬುಟ್ಟಾರು. ನಾಳೆ ಒಂದಿನ ಐತಲ್ಲ.’

‘ಇಕ್ಕಳದಲ್ಲಾದರೂ ತಗಡು ಇಡಿ ಅಣ್ಣಾ, ಕೈ ಹಾಕಬೇಡಿ.’

‘ಇಕ್ಕಳ ಹಿಡುದ್ರೆ ನಿಧಾನ ಆಯ್ತದೆ. ಎಷ್ಟು ಬಡುದ್ರೆ ಅಷ್ಟು ಸಿಕ್ಕೋ ಛಾನ್ಸು. ಇರೋದು ಒಂದೇ ದಿನ ಕಣಮ್ಮಣ್ಣಿ.’

ಹಾಗೆಂದು ಟೀ ಲೋಟವನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದರು.

ಮೂರನೇ ದಿನ ನಾನು ನೀರು ಕುಡಿಯಲೂ ಏಳಲಿಲ್ಲ. ಒಂದು ಕಡೆ, ದೇವರೇ, ಅದು ಇನ್ನೊಮ್ಮೆ ತಾನಾಗಿ ಬೀಳಲಿ ಎಂದು ಬೇಡುತ್ತಿದ್ದೆ. ಮರುಕ್ಷಣವೇ, ಬೇಡಪ್ಪಾ, ಬೀಳುವುದೇ ಬೇಡ, ಕೆಲಸ ಹೋದರೆ ಹೋಗಲಿ ಎಂದು. ಎರಡನ್ನೂ ಒಟ್ಟಿಗೆ ಬೇಡಿದರೆ ಯಾವ ದೇವರು ತಾನೇ ಏನು ಮಾಡಿಯಾನು? ಬಲ್ಬ್ ಹತ್ತುತ್ತಿತ್ತು, ಪ್ರೆಸ್ ಬೀಳುತ್ತಿತ್ತು, ಬಲ್ಬ್ ಆರುತ್ತಿತ್ತು, ಕೈ ಒಳಗೆ ಹೋಗುತ್ತಿತ್ತು… ಶಿಫ್ಟ್ ಮುಗಿಯಲು ಇನ್ನು ಅರ್ಧ ಗಂಟೆ ಇದ್ದಾಗ ಬಲ್ಬ್ ಹತ್ತದೆಯೇ ಪ್ರೆಸ್ ಬಿತ್ತು. ಅವರ ಕೈ ಒಳಗಿತ್ತು.

ಚಿತ್ರ ಈ ಸಲ ನಿಚ್ಚಳವಾಗಿ ಬಂದಿತ್ತು.

ಮರುದಿನ ಮ್ಯಾನೇಜರ ಎದುರು ಅದನ್ನು ಒಂದೊಂದೇ ಚೌಕಟ್ಟಾಗಿ ಸರಿಸಿ ತೋರಿಸಿದವಳು ನಾನೇ. ಬಲ್ಬ್ ಆರಿದೆ. ಪ್ರೆಸ್ ಇಳಿಯುತ್ತಿದೆ. ಬೆರಳುಗಳು ಇನ್ನೂ ಇವೆ. ಇನ್ನೂ ಇವೆ… ನಾಲ್ಕು ಬೆರಳು. ಮ್ಯಾನೇಜರು ಮುಖ ತಿರುಗಿಸಿ ‘ಪೋದುಂ, ಪೋದುಂ’, ಸಾಕು ಸಾಕು ಎಂದರು. ಅದೇ ದಿನ ನೋಟಿಸ್ ವಾಪಸಾಯಿತು. ಆ ಪ್ರೆಸ್ಸುಗಳಿಗೆಲ್ಲ ಎರಡೂ ಕೈಯಲ್ಲಿ ಒತ್ತಿದರೆ ಮಾತ್ರ ಬೀಳುವ ಗುಂಡಿಗಳು ಬಂದವು. ನಾನು ಅಲ್ಲಿದ್ದಷ್ಟು ಕಾಲ ಇನ್ನೊಬ್ಬರ ಬೆರಳು ಹೋಗಲಿಲ್ಲ. ಆದರೆ ಎರಡನೇ ದಿನದ ಚಿತ್ರ ಬಂದಿದ್ದರೆ ಇದೆಲ್ಲ ಅವರ ಆ ನಾಲ್ಕು ಬೆರಳು ಹೋಗದೆಯೇ ಬರುತ್ತಿತ್ತು. ಇದನ್ನು ಬಲ್ಲವರು ನಾವಿಬ್ಬರೇ.

ಆಮೇಲೆ ಪ್ರೆಸ್ಸಣ್ಣ ಕೆಲಸ ಬಿಟ್ಟು ಊರಿನಲ್ಲೇ ಉಳಿದರು. ನೋಡಲು ಹೋಗಬೇಕೆಂದು ಎಷ್ಟೋ ಭಾನುವಾರ ಹೊರಟು, ಕೆಲಮಂಗಲದ ಕಡೆ ಏನೋ ಕೆಲಸ ನೆಪಮಾಡಿಕೊಂಡು ತಪ್ಪಿಸಿಕೊಂಡೆ. ಅವರ ಕೈ ನೋಡುವ ಧೈರ್ಯ ನನಗಿರಲಿಲ್ಲ. ಹೇಡಿ ನಾನು, ಇನ್ನೇನು.

ಅವರು ತೀರಿಕೊಂಡ ಸುದ್ದಿ ಹೋದ ವರ್ಷ ಬಂತು. ತಿಥಿಯೆಲ್ಲ ಮುಗಿದ ಮೇಲೆ ಹೋದೆ. ಅವರ ಹೆಂಡತಿ ನನ್ನನ್ನು ಕಂಡಿರಲೇ ಇಲ್ಲ. ಯಾರೆಂದು ಹೇಳಿದ್ದೇ ತಡ, ನನ್ನ ಎರಡೂ ಕೈ ಹಿಡಿದುಕೊಂಡು ನೆಂಟರ ಕಡೆ ತಿರುಗಿದರು.

‘ಇವಮ್ಮನೇ ಕಣ್ರೇ, ನಮ್ಮೋರು ಹೇಳ್ತಿದ್ದಿದ್ದು. ಎಲ್ರೂ ಸುಳ್ಳ ಅಂದಾಗ ನನ್ ಮಾತು ನಿಜ ಅಂತ ತೋರ್ಸಿಕೊಟ್ಟೋಳು ಆ ಅಮ್ಮಣ್ಣೀನೇ ಅಂತಿದ್ರು. ಸಾಯೋಗಂಟ ನಿನ್ ನೆನುಸ್ಕೊಂಡ್ರು ಕಣವ್ವ.’

ನಾನು ಕೇಬಲ್ ಬಿಗಿದದ್ದನ್ನು ಹೆಂಡತಿಗೂ ಹೇಳಿರಲಿಲ್ಲ ಅವರು. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಆಕೆ ಕಣ್ಣೊರೆಸಿಕೊಂಡು ನಗುತ್ತಿದ್ದರು. ಕೊಟ್ಟ ಕಾಫಿ ಕುಡಿದು, ಬರುತ್ತೇನೆ ಎಂದು ಹೇಳಿ ಎದ್ದುಬಂದೆ.