ಮೆಂತ್ಯದ ಬಟ್ಟಲಿನ ಬಿರಡೆ

ಒಗ್ಗರಣೆ ಡಬ್ಬಿಯ ಮುಚ್ಚಳ ತೆಗೆದರೆ ನನ್ನ ಮೂಗಿಗೆ ಮೊದಲು ಬರುವುದು ಸಾಸಿವೆ, ಇಂಗಿನ ವಾಸನೆಯಲ್ಲ. ಬೆಸುಗೆ ಹಾಕುವಾಗ ಏಳುವ ಹೊಗೆಯ ವಾಸನೆ. ನಗಬೇಡಿ. ಡಬ್ಬಿ ನನ್ನ ಅಮ್ಮನದು. ಮೆಂತ್ಯದ ಬಟ್ಟಲಿನಲ್ಲಿ, ಕಾಳುಗಳ ಅಡಿಯಲ್ಲಿ, ಹೆಬ್ಬೆರಳಿನ ತುದಿಯಷ್ಟು ದೊಡ್ಡದೊಂದು ಹಿತ್ತಾಳೆಯ ತುಂಡು ಇಂದಿಗೂ ಇದೆ. ಶಿವಮೊಗ್ಗದ ರವೀಂದ್ರನಗರದ ಈ ಮನೆಗೆ ಬಂದ ನೆಂಟರು "ಇದೇನೇ, ಮೆಂತ್ಯದೊಳಗೆ ನಟ್ಟು!" ಎಂದು ಗೇಲಿ ಮಾಡುತ್ತಾರೆ. ಮಾಡಲಿ ಬಿಡಿ. ನಿಮ್ಮ ಮನೆಯಲ್ಲೂ ಯಾರಿಗೂ ಅರ್ಥವಾಗದ, ಎಸೆಯಲೂ ಆಗದ ಇಂಥ ಒಂದು ವಸ್ತು ಇದ್ದೇ ಇರುತ್ತದೆ.

ಆಗ ನಾವು ಭದ್ರಾವತಿಯ ನ್ಯೂಟೌನಿನ ಕ್ವಾರ್ಟರ್ಸಿನಲ್ಲಿದ್ದೆವು. ಅಪ್ಪ ಕಾರ್ಖಾನೆಯಲ್ಲಿ ಮೀಟರುಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್. ಕೆಲಸ ಹೋದ ಮೇಲೆ ಮನೆಯಲ್ಲೇ ಕೂತು ಒಂದು ಸಿಗ್ನಲ್ ಜನರೇಟರ್ ಕಟ್ಟಿದರು. ಬಿರುಸಾಗಿಯೋ ನಿಧಾನವಾಗಿಯೋ ಬೇಕಾದ ಹಾಗೆ ವಿದ್ಯುತ್ತಿನ ಅಲೆ ಹೊರಡಿಸುವ ಪೆಟ್ಟಿಗೆ ಅದು. ಡಯಲನ್ನು ಕೆಳಗಿನಿಂದ ಮೇಲಿನವರೆಗೆ ತಿರುಗಿಸಿದರೂ ಅಲೆಯ ಎತ್ತರ ಬದಲಾಗಬಾರದು; ಅಂಥ ಪೆಟ್ಟಿಗೆಗೆ ಮಾತ್ರ ಮರ್ಯಾದೆ. ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮನೆಯಲ್ಲಿ ಅದರ ಪರೀಕ್ಷೆ ನಡೆಯುತ್ತಿತ್ತು. ನಾನು ಡಯಲ್ ತಿರುಗಿಸುತ್ತಿದ್ದೆ, ಅಪ್ಪ ಹಳೆಯ ಆಸಿಲೋಸ್ಕೋಪಿನ ಪರದೆಯಲ್ಲಿ ಕಾಣುವ ಅಲೆಯ ಎತ್ತರವನ್ನು ವೋಲ್ಟಿನಲ್ಲಿ ಓದಿ "ಅರ್ಧ... ಅರ್ಧ... ಅರ್ಧಕ್ಕೆ ಒಂಚೂರು ಕಮ್ಮಿ" ಎಂದು ಕೂಗುತ್ತಿದ್ದರು, ಅಮ್ಮ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಸೀಸದಕಡ್ಡಿಯಿಂದ ಬರೆಯುತ್ತಿದ್ದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಅಮ್ಮ! ಆ ಕಡ್ಡಿಯ ಕರಕರ ಸದ್ದು ನನಗೆ ಈಗಲೂ ಕೇಳುತ್ತದೆ.

ಆ ಹಿತ್ತಾಳೆ ತುಂಡಿನೊಳಗೆ ಐವತ್ತು ಓಮಿನ ರೆಸಿಸ್ಟರ್ ಇತ್ತು. ಅಪ್ಪ ಅದನ್ನು 'ಲೋಡು' ಅನ್ನುತ್ತಿದ್ದರು, ಅಮ್ಮ ಬಾಟಲಿಯ ಬಾಯಿ ಮುಚ್ಚುವ ಬೆಣೆಯ ಹಾಗಿದೆ ಎಂದು 'ಬಿರಡೆ' ಅನ್ನುತ್ತಿದ್ದಳು. ಕೇಬಲ್ಲಿನ ತುದಿಗೆ ಅದನ್ನು ಸಿಕ್ಕಿಸಿಯೇ ಅಳೆಯಬೇಕು. ತೂಬು ಮುಚ್ಚಿದರೆ ಭದ್ರಾ ನಾಲೆಯ ನೀರು ಬಡಿದು ಹಿಂದಕ್ಕೆ ಬಂದು ಉಬ್ಬುತ್ತದಲ್ಲ, ಬಿರಡೆಯಿಲ್ಲದ ಕೇಬಲ್ಲಿನಲ್ಲಿ ಅಲೆಯೂ ಹಾಗೆಯೇ ತಿರುಗಿ ಬರುತ್ತದೆ. ಬಿರಡೆಯಿದ್ದರೆ ಬಂದದ್ದನ್ನೆಲ್ಲ ಅದು ಕುಡಿದುಬಿಡುತ್ತದೆ; ಆಗ ಅಳತೆ ಅರ್ಧ ವೋಲ್ಟಿಗೆ ನಿಲ್ಲುತ್ತದೆ, ಇಲ್ಲದಿದ್ದರೆ ಅದರ ಎರಡರಷ್ಟು ತೋರುತ್ತದೆ. ಅಪ್ಪ ಅಂಥ ಮೂರು ಬಿರಡೆಗಳನ್ನು ಕಳೆದುಹಾಕಿದ ಮೇಲೆ ಅಮ್ಮ ನಾಲ್ಕನೆಯದನ್ನು ಅವರ ಕೈಯಿಂದ ಕಿತ್ತುಕೊಂಡಳು. "ನನ್ ಡಬ್ಬಿಯಿಂದ ಒಂದು ಸಾಸಿವೆ ಕಾಳೂ ಕಳೆದಿಲ್ಲ. ಇಲ್ಲೇ ಇರ್ಲಿ" ಎಂದು ಮೆಂತ್ಯದೊಳಗೆ ಹೂತಿಟ್ಟಳು.

ಶಿವಮೊಗ್ಗದ ಕಾಲೇಜೊಂದರ ಲ್ಯಾಬಿಗೆ ಮೆಕ್ಯಾನಿಕ್ ಬೇಕಾಗಿತ್ತು. ಅಪ್ಪನ ಹತ್ತಿರ ಸರ್ಟಿಫಿಕೇಟು ಇರಲಿಲ್ಲ. ತೋರಿಸಲಿಕ್ಕೆ ಇದ್ದದ್ದು ಆ ಪೆಟ್ಟಿಗೆಯೊಂದೇ. ಪೆಟ್ಟಿಗೆ ಸರಿಯಿದೆ ಎಂದು ಕಂಡರೆ ಕೆಲಸ, ಇಲ್ಲದಿದ್ದರೆ ಬಾಡಿಗೆ ಕಟ್ಟಿ ಉಳಿಸಿಕೊಂಡಿದ್ದ ಕ್ವಾರ್ಟರ್ಸೂ ಖಾಲಿ ಮಾಡಬೇಕು, ಊರೂ ಬಿಡಬೇಕು. ಅಪ್ಪ ಇಸ್ತ್ರಿ ಅಂಗಿ ತೊಟ್ಟರು, ಅಮ್ಮ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡಳು. ನಾನು ಹಟ ಮಾಡಿ ಜೊತೆಗೆ ಹೋದೆ.

ಲ್ಯಾಬಿನ ಹಿರಿಯ ಮೇಷ್ಟ್ರು ಉದ್ದನೆಯ ಕೇಬಲ್ಲಿನಿಂದ ಪೆಟ್ಟಿಗೆಯನ್ನು ತಮ್ಮ ಸ್ಕೋಪಿಗೆ ಜೋಡಿಸಿದರು. ಡಯಲ್ ಮೇಲೇರಿದಂತೆ ಅಲೆ ಉಬ್ಬಿತು, ಕುಗ್ಗಿತು, ಮತ್ತೆ ಉಬ್ಬಿತು. ಅಪ್ಪನ ಮುಖ ಸುಣ್ಣ ಬಳಿದ ಹಾಗಾಯಿತು. "ಕಷ್ಟಪಟ್ಟಿದೀರಿ ಪಾಪ. ಆದ್ರೆ ಇದು ಸಮ ಇಲ್ವಲ್ಲ" ಅಂದರು ಮೇಷ್ಟ್ರು. 

ಬಾಗಿಲ ಬಳಿ ಕೂತಿದ್ದ ಅಮ್ಮ ಅಷ್ಟೂ ಹೊತ್ತು ಅಭ್ಯಾಸಬಲದಿಂದ ಬಸ್ ಟಿಕೆಟ್ಟಿನ ಹಿಂದೆ ಮೇಷ್ಟ್ರು ಓದಿ ಹೇಳುತ್ತಿದ್ದ ಸಂಖ್ಯೆಗಳನ್ನು ಬರೆದುಕೊಳ್ಳುತ್ತಿದ್ದಳು. ಎದ್ದು ಬಂದಳು. "ರೀ, ಮೊದಲನೇದೇ ಅರ್ಧ ಬರ್ಬೇಕಿತ್ತು. ಇಲ್ಲಿ ಹೆಚ್ಚುಕಮ್ಮಿ ಒಂದು ಬರ್ತಿದೆ. ಬಿರಡೆ ಎಲ್ಲಿ?"

ಅಪ್ಪ ಜೇಬು ತಡಕಿದರು. "ಅಯ್ಯೋ ಮಾರಾಯ್ತಿ, ನಿನ್ ಡಬ್ಬೀಲೇ ಉಳೀತಲ್ಲೇ!"

ಮೇಷ್ಟ್ರು ಕನ್ನಡಕ ಏರಿಸಿದರು. "ಬಿರಡೆ ಅಂದ್ರೆ ಏನಮ್ಮಾ?"

"ಐವತ್ತು ಓಮಿನ ಲೋಡು ಸರ್. ಅದಿಲ್ದೆ ಅಳೆದ್ರೆ ನೀವು ಅಳೀತಿರೋದು ನಮ್ ಪೆಟ್ಟಿಗೇನಲ್ಲ, ನಿಮ್ ಕೇಬಲ್ಲನ್ನ."

ಮೇಷ್ಟ್ರು ಕಪಾಟು ತೆಗೆದು ಹುಡುಕಿದರು. ಲೋಡು ಅಲ್ಲಿಯೂ ಇರಲಿಲ್ಲ. ಅಮ್ಮ ಬಿಡಬೇಕಲ್ಲ! ರೆಸಿಸ್ಟರುಗಳ ಡ್ರಾಯರ್ ಎಳೆದು, ಅಕ್ಕಿ ಆರಿಸುವ ಹಾಗೆ ಬೆರಳಾಡಿಸಿ, ಕಂದು, ಕಪ್ಪು, ಕಂದು ಪಟ್ಟಿಯ ಎರಡನ್ನು ಹೆಕ್ಕಿದಳು. "ನೂರರದ್ದು ಎರಡು ಅಕ್ಕಪಕ್ಕ ಕೂಡಿಸಿದ್ರೆ ಐವತ್ತು. ಕೇಬಲ್ಲಿನ ತುದಿಗೆ ಬೆಸುಗೆ ಹಾಕ್ರೀ." ಅಪ್ಪನ ಬೆಸುಗೆ ಒಂದೇ ಸಲಕ್ಕೆ ಕೂತಿತು. ಹೊಗೆಯ ಎಳೆಯೊಂದು ಎದ್ದು ನಮ್ಮ ಮೂವರ ಮುಖಕ್ಕೂ ತಾಗಿತು. ಅಪ್ಪ ನನ್ನನ್ನು ಕರೆದು ಡಯಲ್ ಹಿಡಿಸಿದರು. ಮೇಷ್ಟ್ರು ಓದತೊಡಗಿದರು: "ಅರ್ಧ. ಅರ್ಧ. ಅರ್ಧ..." ಡಯಲ್ ಕೊನೆ ಮುಟ್ಟುವವರೆಗೂ ಅಲೆ ಅಲ್ಲಾಡಲಿಲ್ಲ. ಮೇಷ್ಟ್ರು ಕುರ್ಚಿಯಿಂದೆದ್ದು ಅಮ್ಮನಿಗೆ ಕೈಮುಗಿದರು. "ಸೋಮವಾರದಿಂದ ಬನ್ನಿ" ಎಂದು ಅಪ್ಪನಿಗೆ ಹೇಳಿದರು. ವಾಪಸು ಬರುವಾಗ ಅಮ್ಮ ಕಿಟಕಿಯ ಪಕ್ಕ ರಾಣಿಯ ಹಾಗೆ ಕೂತಿದ್ದಳು. ಆ ದಿನದಷ್ಟು ಹೆಮ್ಮೆ ನನಗೆ ಮತ್ತೆ ಯಾವತ್ತೂ ಆಗಿಲ್ಲ.

ಆ ಕ್ವಾರ್ಟರ್ಸಿನ ಸಾಲು ಈಗ ಪಾಳು ಬಿದ್ದಿದೆ. ನಮ್ಮ ಅಡುಗೆಮನೆಯ ಗೋಡೆಯಲ್ಲಿ ಅರಳಿ ಗಿಡ ಎದ್ದಿದೆ. ಅಪ್ಪ ಮೊದಲು ಹೋದರು, ಹೋದ ವರ್ಷ ಅಮ್ಮ. ನಾನು ಅದೇ ಲ್ಯಾಬಿನಲ್ಲಿ ಪಾಠ ಮಾಡುತ್ತೇನೆ. ಕಳೆದ ವಾರ ಹುಡುಗಿಯರು "ಮೇಡಂ, ಜನರೇಟರ್ ಕೆಟ್ಟೋಗಿದೆ, ಸಮ ಬರ್ತಿಲ್ಲ" ಎಂದು ದೂರು ತಂದರು. ಲ್ಯಾಬಿನಲ್ಲಿ ಹೊಸ ಲೋಡುಗಳು ಬೇಕಾದಷ್ಟಿವೆ. ಆದರೂ ಮರುದಿನ ಮೆಂತ್ಯದ ಬಟ್ಟಲಿನಿಂದ ಬಿರಡೆ ತೆಗೆದುಕೊಂಡು ಹೋಗಿ ಕೇಬಲ್ಲಿನ ತುದಿಗೆ ಸಿಕ್ಕಿಸಿದೆ. ಅಲೆ ನೆಟ್ಟಗೆ ನಿಂತಿತು, ಹುಡುಗಿಯರು ಹೋ ಎಂದು ಕೂಗಿದರು. ನಾನೂ ಕೂಗಿದೆ, ಅಪ್ಪನ ರಾಗದಲ್ಲೇ: "ಅರ್ಧ!" ಆಮೇಲೆ ಒಂದು ಕ್ಷಣ ಸುಮ್ಮನೆ ನಿಂತೆ, ಅಮ್ಮ ಬರೆದುಕೊಳ್ಳಲಿ ಎಂದು.