ಹಿಮದೂರಿನಲ್ಲಿ ಒಟ್ಟಿದ ಬಣವೆ

ಆ ಚಳಿಗಾಲ ಅಕ್ಕನ ಮನೆಗೆ ಒಣ ಸೌದೆ ಹೊಂದಿಸಿಡಲು ನನ್ನಿಂದ ಆಗಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು, ಆಮೇಲೆ ನಾನು ಹೇಳಿದ ಸುಳ್ಳು.

ಹಿಮಾಚಲದ ಆ ಮನೆಯೊಳಗೆ ಕಾಲಿಟ್ಟಾಗ ಮೊದಲು ಕಂಡದ್ದು ನಡುಕೋಣೆಯಲ್ಲಿ ನಿಂತ ಕಬ್ಬಿಣದ ಡಬ್ಬ. ಅದರ ಹೊಗೆ ಕೊಳವೆ ಚಾವಣಿ ತೂರಿ ಹೊರಗೆ ಹೋಗಿತ್ತು. ಅಲ್ಲಿಯವರು ಅದಕ್ಕೆ ತಂದೂರ್ ಅನ್ನುತ್ತಾರೆ. ರೊಟ್ಟಿ ಸುಡುವುದಲ್ಲ, ಮನುಷ್ಯರನ್ನು ಕಾಯಿಸುವುದು. ನಾವು ಬಿಸಿಲಿಗೆ ಹೆದರಿ ಮನೆ ಬಿಟ್ಟು ಬೇವಿನ ನೆರಳಿಗೆ ಓಡುವವರು. ಅಲ್ಲಿ ಚಳಿಗೆ ಹೆದರಿ ಮನೆಮಂದಿಯೆಲ್ಲ ಡಬ್ಬದ ಸುತ್ತ ಕೂರುತ್ತಾರೆ.

ಭಾವ ಸುರಂಗದ ಕೆಲಸದಲ್ಲಿ ಲಾರಿ ಓಡಿಸುತ್ತಿದ್ದರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಹರಪನಹಳ್ಳಿಯ ಗ್ಯಾರೇಜಿನಲ್ಲಿದ್ದ ನನ್ನನ್ನೂ ಅಲ್ಲಿಗೇ ಕರೆಸಿಕೊಂಡರು. ಅಕ್ಕ ಗಂಡನ ಜೊತೆ ಸಂಸಾರ ಹೂಡಿದ್ದು ಅದೇ ಮೊದಲು.

"ಮನಿ ಬೆಚ್ಚಗಿದ್ರ ಇರು. ಇಲ್ಲಾಂದ್ರ ಚಳಿ ಮುಗಿಯೋತನಕ ತವರಿಗೆ ಹೋಗು," ಎಂದು ಭಾವ ಅಕ್ಕನಿಗೆ ಮೊದಲೇ ಹೇಳಿದ್ದರು.

ಬೇಸಿಗೆಯಲ್ಲೇ ಸೌದೆಯ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನ ಕೊಡಲಿ ದಿಮ್ಮಿಯಲ್ಲಿ ಸಿಕ್ಕಿಬಿತ್ತು. ಬಿಡಿಸಲು ಪಕ್ಕದ ಮನೆಯ ಕೊಡಲಿ ತಂದೆ, ಅದೂ ಸಿಕ್ಕಿಬಿತ್ತು. ಹೇಗೋ ಎಲ್ಲ ಸೀಳಿ ಮುಗಿಸಿದಾಗ ಮನೆಯೊಡತಿ ಅಮ್ಮಾಜಿ ಬಂದು, ಸಂದು ಬಿಟ್ಟು ಒಟ್ಟು, ಮೇಲೆ ಮಾತ್ರ ತಗಡು ಹಾಕು, ಪಕ್ಕಗಳನ್ನು ಗಾಳಿಗೆ ಬಿಡು ಎಂದಳು. ಗ್ಯಾರೇಜಿನ ಸಾಬರ ಹತ್ತಿರ ಕಲಿತ ಹಿಂದಿಯಲ್ಲಿ ಪೂರ್ತಿ ಅರ್ಥವಾಯಿತು. ಒಪ್ಪಿಗೆಯಾಗಲಿಲ್ಲ ಅಷ್ಟೆ.

ನಮ್ಮಪ್ಪ ಉಚ್ಚಂಗಿದುರ್ಗದ ಸುತ್ತ ಬಣವೆ ಒಟ್ಟುವುದಕ್ಕೆ ಹೆಸರಾದವನು. ಅವನು ಒಟ್ಟಿದ ಜೋಳದ ಸೊಪ್ಪೆಯೊಳಗೆ ಮಳೆಹನಿ ಇರಲಿ, ಇಲಿ ನುಗ್ಗುವುದೂ ಕಷ್ಟ. ಅವನ ಮಗನಾದ ನಾನು ಕೆಳಗೆ ನಿಂತು ಸಿವುಡು, ಅಂದರೆ ಸೊಪ್ಪೆಯ ಕಟ್ಟು, ಎಸೆದವನು ಮಾತ್ರ. ಆದರೂ ಸೌದೆಯನ್ನು ಒತ್ತೊತ್ತಾಗಿ ಒಟ್ಟಿ, ಸುತ್ತ ಹುಲ್ಲು ಹೊದಿಸಿ, ನೆಲದವರೆಗೂ ತಾಡಪತ್ರಿ ಬಿಗಿದೆ.

"ಮುಚ್ಚಬ್ಯಾಡಲೇ, ಗಾಳಿ ಆಡ್ಲಿ," ಎಂದಳು ಅಕ್ಕ.

"ಗಾಳಿ ಆಡಾಕ ಅದೇನು ಮದಿವಿ ಹಂದರೇನು?" ಎಂದೆ.

ಹಿಮ ಬಿದ್ದ ದಿನ ಬಿಚ್ಚಿದರೆ ಒಳಗೆ ಅಣಬೆ ಎದ್ದಿದ್ದವು. ನಮ್ಮ ಬಳ್ಳಾರಿ ಜಾಲಿಯನ್ನು ಹಸಿಯಾಗಿ ಹಾಕಿದರೂ ಹೇಗೋ ಉರಿದೀತು. ಅಲ್ಲಿನ ಮರ ತಿಂಗಳುಗಟ್ಟಲೆ ಗಾಳಿ ಕುಡಿಯಬೇಕು. ತಂದೂರಿನಲ್ಲಿ ಅದು ಹಾವಿನಂತೆ ಬುಸುಗುಟ್ಟಿ ನೊರೆ ಬಿಟ್ಟಿತು. ಹೊಗೆಯಲ್ಲಿ ಯಾರು ಎಲ್ಲಿ ಕೂತಿದ್ದಾರೆಂದು ಕೆಮ್ಮಿನಿಂದ ತಿಳಿಯಬೇಕಾಯಿತು.

"ಹಿಂಗ ಮುಚ್ಚು ಅಂದೋರು ಯಾರು?" ಭಾವ ಗುಡುಗಿದರು.

"ಅಕ್ಕ," ಎಂದುಬಿಟ್ಟೆ.

ಅಕ್ಕ ನನ್ನನ್ನೇ ನೋಡಿದಳು. ಆಮೇಲೆ ಎದ್ದು ಹೊಗೆ ಹೋಗಲೆಂದು ಬಾಗಿಲು ತೆರೆದಳು. ಆ ವಾರವೇ ಅವಳನ್ನು ಊರಿಗೆ ಕಳಿಸಿದರು. ಅವಳ ಮನೆಯಲ್ಲಿ ನಾನು ಉಳಿದೆ. ಭಾವ ಬೇಯಿಸಿದ ಅರೆಬೆಂದ ಅನ್ನ ತಿನ್ನುತ್ತ, ಅಮ್ಮಾಜಿಯ ಕಾವಲಿನಲ್ಲಿ ಸಂದು ಬಿಟ್ಟು ಸೌದೆ ಒಟ್ಟುವುದನ್ನು ಕಲಿತೆ. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಾಗಲೆಲ್ಲ ಅಕ್ಕ ಕೇಳುತ್ತಿದ್ದಳು: "ಸೌದಿ ಒಣಗಿದ್ವೇನೋ?" ಹೂಂ ಎಂದು ಫೋನ್ ಇಟ್ಟುಬಿಡುತ್ತಿದ್ದೆ.

ಚಳಿ ಮುಗಿದ ಮೇಲೆ ಭಾವನೂ ನಾನೂ ರಜೆ ಹಾಕಿ ಊರಿಗೆ ಬಂದೆವು. ಅಪ್ಪ ಬಣವೆ ಒಟ್ಟಲು ಈ ಸಲ ನನ್ನನ್ನು ಮೇಲೆ ಹತ್ತಿಸಿದ. ಭಾವನೂ ಅಕ್ಕನೂ ಕೆಳಗಿನಿಂದ ಸಿವುಡು ಕೊಡುತ್ತಿದ್ದರು. ನನ್ನ ಕೈ ತಾನಾಗಿ ಸಂದು ಬಿಡತೊಡಗಿತ್ತು.

"ಏನ್ಲೇ, ಕಿಟಕಿ ಇಡಾಕ ಹತ್ತೀಯೇನು?" ಅಪ್ಪ ಕೂಗಿದ. "ಮಳಿ ಬಂದ್ರ ಎತ್ತು ಏನ್ ತಿನ್ಬೇಕು, ನಿನ್ನ ತಲೀನಾ?"

ಅಲ್ಲಿ ಸಂದು ಮುಚ್ಚಿ ಬೈಸಿಕೊಂಡವನು ಇಲ್ಲಿ ಸಂದು ಬಿಟ್ಟು ಬೈಸಿಕೊಂಡೆ. ಎರಡೂ ಊರಿಗೆ ಅರ್ಧರ್ಧ ಆಗಿದ್ದೆ. ಅಕ್ಕ ಹೊಟ್ಟೆ ಹಿಡಿದು ನಕ್ಕಳು.

"ನಿಮ್ಮ ಮನ್ಯಾಗ ಯಾರಿಗೂ ಒಟ್ಟಾಕ ಬರಂಗಿಲ್ಲ ಬಿಡ್ರಿ," ಎಂದರು ಭಾವ. "ಈಕಿ ಇನ್ನ ಇಲ್ಲೇ ಇರ್ಲಿ."

ಅಕ್ಕನ ನಗು ನಿಂತಿತು. ಕೈಯಲ್ಲಿದ್ದ ಸಿವುಡು ಮೇಲೆ ಬರಲಿಲ್ಲ. ನಾನು ಬಣವೆಯ ಮೇಲಿನಿಂದಲೇ, ಪಕ್ಕದ ಹೊಲದವರಿಗೂ ಕೇಳುವಂತೆ ಕೂಗಿದೆ:

"ಭಾವಾ, ಅಕ್ಕ ಮುಚ್ಚಬ್ಯಾಡ ಅಂದಿದ್ಲು. ಮುಚ್ಚಿದಾಂವ ನಾನು, ಸುಳ್ಳು ಹೇಳಿದಾಂವನೂ ನಾನು. ಬೇಕಾದ್ರ ನನ್ನ ಇಲ್ಲೇ ಬಿಟ್ಟು ಆಕೀನ್ನ ಕರ್ಕೊಂಡು ಹೋಗ್ರಿ. ಅಕ್ಕಾ... ತಪ್ಪಾತು."