ಮುತ್ತಮ್ಮನ ಪಾಲಿನ ಜೇನು

ಚೆಟ್ಟಳ್ಳಿಯ ಬೊಳ್ಳಪ್ಪನಿಗೆ ಕಾಫಿ ತೋಟ ಚಿಕ್ಕದು, ಜೇನುಪೆಟ್ಟಿಗೆಗಳ ಜಂಭ ದೊಡ್ಡದು. ಕೊಡಗು ಇನ್ನೂ ಸ್ವಂತ ರಾಜ್ಯವಾಗಿದ್ದ ಆ ಕಾಲದಲ್ಲಿ ಅವನ ಜೇನನ್ನು ಮಡಿಕೇರಿಯವರೂ ಹೇಳಿ ತರಿಸಿಕೊಳ್ಳುತ್ತಿದ್ದರು. ಆದರೆ ಪ್ರತಿ ಪೆಟ್ಟಿಗೆಯ ಮೊದಲ ಜೇನು ಹೆಂಡತಿ ಮುತ್ತಮ್ಮನಿಗೇ ಮೀಸಲು.

ಮುತ್ತಮ್ಮನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಡಾಕ್ಟರು ಸಕ್ಕರೆ, ಬೆಲ್ಲ ಮುಟ್ಟಬಾರದು ಎಂದರು. ಬೊಳ್ಳಪ್ಪ ಚಾಚೂ ತಪ್ಪದೆ ಪಾಲಿಸಿದ. ಬೆಲ್ಲದ ಡಬ್ಬಿಯನ್ನೇ ಮನೆಯಿಂದ ಹೊರಹಾಕಿದ. ನೆಂಟರ ಮನೆಯಲ್ಲಿ ಅವಳು ಪಾಯಸಕ್ಕೆ ಕೈ ಹಾಕಿದರೆ ಎಲ್ಲರೆದುರೇ ಗದರಿದ. ಬೆಲ್ಲದ ಕಾಫಿ ತಪ್ಪಿತಲ್ಲ ಎಂದು ತಾನೇ ಎರಡು ಚಮಚ ಜೇನು ಹಾಕಿ ಕೊಡುತ್ತಿದ್ದ. ಬೆಲ್ಲ ಗಾಣದ್ದು, ಸಕ್ಕರೆ ಕಾರ್ಖಾನೆಯದ್ದು; ಜೇನು ಮದ್ದು, ಅದೂ ಕಣ್ಣಿಗೆ ಒಳ್ಳೆಯ ಮದ್ದು ಎಂಬುದು ಅವನ ಲೆಕ್ಕ. ಅವಳ ಎಡಗಣ್ಣು ಮಂಜಾದಾಗ ಇನ್ನೊಂದು ಚಮಚ ಸೇರಿಸಿದ ಪುಣ್ಯಾತ್ಮ.

ಆಸ್ಪತ್ರೆಯ ಕಾಂಪೌಂಡರ್ ಇಂಜೆಕ್ಷನ್ ಕೊಡುತ್ತಿದ್ದರೂ ಮೂತ್ರ ಪರೀಕ್ಷೆಯ ನೀಲಿ ಮದ್ದು ಕಾಸಿದಾಗಲೆಲ್ಲ ಇಟ್ಟಿಗೆ ಬಣ್ಣಕ್ಕೆ ತಿರುಗಿ, ಸಕ್ಕರೆ ಇಳಿದಿಲ್ಲವೆಂದು ತೋರಿಸುತ್ತಿತ್ತು. ಬೊಳ್ಳಪ್ಪ ಕಾಂಪೌಂಡರನ ಮೇಲೇ ಗುಮಾನಿಪಟ್ಟ.

ಎಡಗಣ್ಣು ಪೂರ್ತಿ ಹೋದ ಮೇಲೆ ಮೈಸೂರಿಗೆ ಕರೆದೊಯ್ದ. ಮುತ್ತಮ್ಮ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾಗ ಕಣ್ಣಿನ ಡಾಕ್ಟರು ಅವನೊಬ್ಬನನ್ನೇ ಒಳಗೆ ಕರೆದು, ಊಟಕ್ಕೆ ಏನೇನು ಕೊಡುತ್ತೀರಿ ಎಂದು ಕೇಳಿದರು. ಅವನು ಹೆಮ್ಮೆಯಿಂದಲೇ ಜೇನಿನ ವಿಷಯ ಹೇಳಿದ.

"ಜೇನೂ ಸಕ್ಕರೆಯೇ, ಬೊಳ್ಳಪ್ಪನವರೇ. ರಕ್ತದಲ್ಲಿ ಸಕ್ಕರೆ ಏರಿ ಏರಿ ಕಣ್ಣಿನೊಳಗೆ ರಕ್ತ ಸೋರಿದೆ. ಹೋದದ್ದು ಬರೋದಿಲ್ಲ. ಇನ್ನಾದರೂ ಹಿಡಿತದಲ್ಲಿಟ್ಟರೆ ಬಲಗಣ್ಣು ಉಳಿದೀತು."

ಮರಳುವ ಬಸ್ಸಿನಲ್ಲಿ ಬೊಳ್ಳಪ್ಪ ಕಿಟಕಿಯತ್ತ ಮುಖ ತಿರುಗಿಸಿ ಕುಳಿತ. ನನ್ನ ಕೈಯಾರೆ ಹೆಂಡತಿಯ ಕಣ್ಣು ಕಳೆದೆನಲ್ಲ ಎಂಬುದೊಂದೇ ಅವನ ತಲೆಯಲ್ಲಿ. ಹೇಳಿದರೆ ಅವಳಿಗೆ ಮುಖ ತೋರಿಸುವುದು ಹೇಗೆ? ಹೇಳದಿದ್ದರೆ ಅವಳು ಜೇನು ಬಿಡುವುದು ಹೇಗೆ?

ಮನೆ ತಲುಪಿದಾಗ ಪಕ್ಕದ ಮನೆಯ ಸೋಮಿ ವಿಚಾರಿಸಲು ಬಂದಳು.

"ಇವರ ಜೇನು ಇದ್ದದ್ದಕ್ಕೆ ಒಂದು ಕಣ್ಣಾದ್ರೂ ಉಳಿದುಂಟು," ಎಂದು ಮುತ್ತಮ್ಮ ಜೇನು ಹಾಕಿಸಿಕೊಳ್ಳಲು ಕಾಫಿ ಲೋಟವನ್ನು ಗಂಡನತ್ತ ಚಾಚಿದಳು.

ಬೊಳ್ಳಪ್ಪನಿಗೆ ತಡೆಯಲಾಗಲಿಲ್ಲ. "ಉಳಿಸಿದ್ದಲ್ಲ ಮಾರಾಯ್ತಿ. ಹೋದ ಕಣ್ಣು ಆ ಜೇನಿಂದ್ಲೇ ಹೋದ್ದು. ನಾನೇ ಹಾಕಿ ಕೊಟ್ಟದ್ದು," ಎಂದು ಅತ್ತುಬಿಟ್ಟ.

ಸೋಮಿ ಮೆಲ್ಲನೆ ಎದ್ದುಹೋದಳು. ಮುತ್ತಮ್ಮ ಲೋಟವನ್ನು ಹಿಂದಕ್ಕೆ ಎಳೆದುಕೊಂಡು, ಆರಿದ ಸಪ್ಪೆ ಕಾಫಿಯನ್ನೇ ಕುಡಿದಳು. ಅವಳ ಮುಂದಿನಿಂದ ಎತ್ತಿಕೊಂಡ ಜೇನಿನ ಬಾಟಲಿಯನ್ನು ಎಲ್ಲಿಡುವುದೆಂದು ತಿಳಿಯದೆ ಅವನು ಕೈಯಲ್ಲಿ ಹಿಡಿದೇ ನಿಂತಿದ್ದ.

"ನನ್ನ ಎಡಗಡೆ ಇಡಿ," ಎಂದಳು ಅವಳು. "ಆ ಕಡೆ ಇಟ್ರೆ ನಂಗೆ ಕಾಣುದಿಲ್ಲ. ಆಸೆ ಆಗುದಿಲ್ಲ."